ಕಾಪಿ ಮಾಡದ ಹೆಜ್ಜೆಗಳು

"ನಿನ್ನ ಸಿನಿಮಾಗಳಲ್ಲಿ ಯಾರಿಗೂ ಕಾಲೇ ಇಲ್ಲವಲ್ಲಮ್ಮಾ!" ಎಂದು ನಮ್ಮ ಪ್ರಾಜೆಕ್ಟ್ ಗೈಡ್ ಇಡೀ ಲ್ಯಾಬಿನ ಎದುರು ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ನಿಜವಾಗಿತ್ತು.

ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಆಗ ನಾನು ಅನಿಮೇಷನ್ ಓದುತ್ತಿದ್ದೆ. ಅಲ್ಲಿಯವರೆಗೆ ಎರಡು ಕಿರುಚಿತ್ರ ಮಾಡಿದ್ದೆ. ಮೊದಲನೆಯದರಲ್ಲಿ ಅನಕಾಪಲ್ಲಿಯ ಮಾರುಕಟ್ಟೆಯಲ್ಲಿ ಬೆಲ್ಲದ ಉಂಡೆಯೊಂದು ಗಾಡಿಯಿಂದ ಬಿದ್ದು ಇಳಿಜಾರಿನಲ್ಲಿ ಉರುಳುತ್ತ ಹೋಗುತ್ತದೆ. ಚೆಂಡು ಪುಟಿಸುವುದು ಎಲ್ಲ ಹೊಸಬರ ಮೊದಲ ಪಾಠ. ನಾನು ಚೆಂಡು ಬಿಟ್ಟು ಬೆಲ್ಲ ಹಿಡಿದಿದ್ದೆ. ಅದು ಪುಟಿಯುವುದಿಲ್ಲ, ಜಜ್ಜಿ ಹೋಗುತ್ತದೆ ಎನ್ನುವುದೇ ಅದರ ತಮಾಷೆ. ಎರಡನೆಯದು ಕಾರ್ಖಾನೆಗಳಿರುವ ಪರವಾಡದ ಕಂಪನಿ ಬಸ್ಸಿನದು. ಪಾಳಿ ಮುಗಿಸಿದವರು ಸೀಟಿನಲ್ಲಿ ಕೂತಲ್ಲೇ ನಿದ್ದೆ ಹೋಗಿರುತ್ತಾರೆ, ಬಸ್ಸು ಕುಲುಕಿದಾಗಲೆಲ್ಲ ಅವರ ತಲೆಗಳು ಒಂದರ ಹಿಂದೊಂದು ವಾಲಿ ಮತ್ತೆ ನೆಟ್ಟಗಾಗುತ್ತವೆ. ಅದನ್ನು ಜನ ಮೆಚ್ಚಿಕೊಂಡಿದ್ದರು. ಆದರೆ ಅಲ್ಲೂ ಎಲ್ಲರೂ ಕೂತವರೇ. ನಡಿಗೆ ಕಷ್ಟ, ಹಾಗಾಗಿ ನಾನು ಅದನ್ನು ತಪ್ಪಿಸಿಕೊಂಡೇ ಬಂದಿದ್ದೆ.

"ಮೂರನೇ ಸಿನಿಮಾದಲ್ಲಿ ಒಬ್ಬರು ನಡೆಯಲೇಬೇಕು. ಪರದೆಯ ಈ ತುದಿಯಿಂದ ಆ ತುದಿಯವರೆಗೆ, ತಲೆಯಿಂದ ಪಾದದವರೆಗೆ ಕಾಣುವ ಹಾಗೆ," ಎಂದು ಗೈಡ್ ಷರತ್ತು ಹಾಕಿದರು. ಹೈದರಾಬಾದಿನ ಸ್ಟುಡಿಯೋಗಳಲ್ಲಿ ಮಕ್ಕಳ ಧಾರಾವಾಹಿಗಳಿಗೆ ವರ್ಷಗಟ್ಟಲೆ ದುಡಿದು ಬಂದವರು ಅವರು. ಅವರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

ಕಂಪ್ಯೂಟರಿನಲ್ಲಿ ನಡಿಗೆ ಮಾಡುವ ಕ್ರಮ ಹೀಗಿದೆ. ಗೊಂಬೆಯ ಒಳಗೆ ಎಲುಬಿನ ಹಂದರವೊಂದನ್ನು ಕೂರಿಸಿರುತ್ತಾರೆ, ಅದಕ್ಕೆ ರಿಗ್ ಎನ್ನುತ್ತೇವೆ. ಬಲಗಾಲಿನ ಒಂದು ಹೆಜ್ಜೆಯನ್ನು ನಾವು ಭಂಗಿ ಭಂಗಿಯಾಗಿ ಹೊಂದಿಸುತ್ತೇವೆ: ಹಿಮ್ಮಡಿ ನೆಲಕ್ಕೆ ತಾಗಿದ್ದು, ಮೈಭಾರ ಇಳಿದದ್ದು, ಇನ್ನೊಂದು ಕಾಲು ಪಕ್ಕದಲ್ಲಿ ಹಾದುಹೋದದ್ದು, ಮೈ ಮೇಲೆದ್ದದ್ದು. ಎಡಗಾಲಿಗೆ ಬೇರೆ ಕೆಲಸವಿಲ್ಲ. ಬಲದ್ದನ್ನೇ ಕನ್ನಡಿಯಲ್ಲಿ ತಿರುಗಿಸಿದಂತೆ ಕಾಪಿ ಮಾಡಿದರೆ ಸಾಕು. ಎರಡು ಹೆಜ್ಜೆ ಸಿದ್ಧವಾದರೆ ಅದನ್ನೇ ಸರಪಣಿಯಂತೆ ಜೋಡಿಸಿ ಗೊಂಬೆಯನ್ನು ಎಷ್ಟು ದೂರಕ್ಕಾದರೂ ನಡೆಸಬಹುದು. ಇದಕ್ಕೆ ವಾಕ್ ಸೈಕಲ್ ಎಂದು ಹೆಸರು.

ನಾನು ಅದನ್ನು ಚಾಚೂ ತಪ್ಪದೆ ಮಾಡಿದೆ. ಗೊಂಬೆ ನಡೆಯಿತು. ಆದರೆ ಎಲ್ಲಿಗೆ ಹೊರಟಿದೆ, ಯಾಕೆ ಹೊರಟಿದೆ ಎಂಬುದು ಮಾತ್ರ ಅದರ ಮೈಯಲ್ಲಿ ಎಲ್ಲೂ ಕಾಣಲಿಲ್ಲ. ಬೀಚ್ ರಸ್ತೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವವರನ್ನು ನೋಡಿಕೊಂಡು ಸ್ಕೆಚ್ ಬರೆದೆ, ಬಸ್ ನಿಲ್ದಾಣದಲ್ಲಿ ಕೂತು ಬರೆದೆ. ಬಂದು ಲ್ಯಾಬಿನಲ್ಲಿ ಅದನ್ನು ರಿಗ್ಗಿಗೆ ಕೂರಿಸಿದರೆ ಮತ್ತೆ ಅದೇ ಗೊಂಬೆ.

ಆ ಸಮಯಕ್ಕೆ ಅವ್ವ ವಿಜಯವಾಡಕ್ಕೆ ವರ್ಗವಾಗಿ ಹೋಗಿದ್ದಳು. ಅಪ್ಪ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಅವ್ವ ಬ್ಯಾಂಕ್ ಅಧಿಕಾರಿ. ಇಬ್ಬರೂ ಗದಗಿನ ಕಡೆಯವರು. ನಾನು ಹುಟ್ಟಿದ್ದು ಬೆಳೆದದ್ದು ಆ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ. ಜಗಳ ತೆಗೆಯುವುದು, ಲೆಕ್ಕ ಹೇಳುವುದು ಎಲ್ಲ ತೆಲುಗಿನಲ್ಲಿ, ಕನ್ನಡ ಅಪ್ಪ ಅವ್ವನ ಜೊತೆ ಮಾತ್ರ. ಅವ್ವನ ಶಾಖೆ ವಿಜಯವಾಡದ ಹಳೇ ಪೇಟೆಯಾದ ಒನ್ ಟೌನಿನಲ್ಲಿತ್ತು. ರಜೆಯಲ್ಲಿ ಅವಳ ಮನೆಗೆ ಹೋದವಳು ಒಂದು ಬೆಳಿಗ್ಗೆ ಅವಳನ್ನು ಬ್ಯಾಂಕಿನವರೆಗೆ ಬಿಡಲು ಹೊರಟೆ. ಸಗಟು ಅಂಗಡಿಗಳ ಆ ಓಣಿಯ ಒಳಗೆ ಆಟೋ ಹೋಗುವುದಿಲ್ಲ. ಓಣಿಯ ಬಾಯಲ್ಲೇ ಇಳಿದು ನಡೆಯಬೇಕು. ಎದುರಿನಿಂದ ತಳ್ಳುಗಾಡಿ ಬಂತೆಂದು ನಾನು ಒಂದು ಕ್ಷಣ ಪಕ್ಕಕ್ಕೆ ನಿಂತೆ. ಅವ್ವ ಮುಂದೆ ಹೋದಳು.

ಅವ್ವನಿಗೆ ಎಳವೆಯಲ್ಲಿ ಪೋಲಿಯೋ ಆಗಿತ್ತು. ಬಲಗಾಲು ಸಣಕಲು, ಸ್ವಲ್ಪ ಗಿಡ್ಡ. ಇದು ನನಗೆ ಹೊಸ ಸುದ್ದಿಯೇನಲ್ಲ. ಆದರೆ ಹುಟ್ಟಿದಾಗಿನಿಂದ ಅವಳ ಪಕ್ಕದಲ್ಲೇ ನಡೆದವಳಿಗೆ ಅವಳ ನಡಿಗೆಯನ್ನು ಹಿಂದಿನಿಂದ ನೋಡುವ ಪ್ರಸಂಗವೇ ಬಂದಿರಲಿಲ್ಲ. ಮೆಣಸಿನಕಾಯಿ ಮೂಟೆಗಳ ನಡುವೆ ಅವಳು ಹೋಗುತ್ತಿದ್ದಳು. ಬಲಗೈಯಿಂದ ತೊಡೆಯನ್ನು ಒತ್ತಿ ಹಿಡಿದು ಆ ಕಾಲಿನ ಮೇಲೆ ಒಂದಿಷ್ಟೇ ನಿಲ್ಲುವಳು, ಮೈ ಬಲಕ್ಕೆ ಬಾಗುವುದು, ಅಷ್ಟರಲ್ಲಿ ಎಡಗಾಲು ಬೀಸಿ ಬಂದು ದಪ್ಪನೆ ನೆಲ ಹಿಡಿಯುವುದು. ನೆಲ ಎಲ್ಲಿ ಒದ್ದೆಯಾಗಿದೆ, ಎಲ್ಲಿ ಹಗ್ಗದ ತುದಿ ಬಿದ್ದಿದೆ ಎಂದು ಪ್ರತಿ ಹೆಜ್ಜೆಗೂ ಮುಂಚೆ ನೋಡಿಕೊಳ್ಳುತ್ತಿದ್ದಳು. ಅವಳು ಎಲ್ಲಿಗೆ ಹೊರಟಿದ್ದಾಳೆ ಎಂಬುದನ್ನು ಆ ಓಣಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ನನ್ನ ಸಿನಿಮಾ ಸಿಕ್ಕಿತ್ತು. ಹೆಂಗಸೊಬ್ಬಳು ಆಟೋ ಇಳಿದು ಸಗಟು ಓಣಿ ದಾಟಿ ಕೆಲಸಕ್ಕೆ ಹೋಗುತ್ತಾಳೆ. ಅಷ್ಟೇ ಕಥೆ.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ಕೇಳಿದೆ. "ಅವ್ವಾ, ನೀ ನಡಿಯೂದನ್ನ ಫೋನಿನ್ಯಾಗ ತಗೋತೀನಿ. ಸಿನಿಮಾಕ್ಕ ಬೇಕು."

ಅವಳ ಕೈ ನಿಂತಿತು. "ನನ್ನ ಕಾಲ ಬಿಟ್ಟ ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?"

"ಚೊಲೋ ಕಾಣತೈತಿ ಅವ್ವಾ."

"ಚೊಲೋ ಕಾಣತೈತೆಂತ! ಆ ಮಾತ ಯಾರ ಮುಂದ ಹೇಳಾಕತ್ತೀ? ಬ್ಯಾಡ. ಅಂದ್ರ ಬ್ಯಾಡ." ರೊಟ್ಟಿ ಮತ್ತೆ ಬಡಿಯತೊಡಗಿದಳು. ಆ ಸದ್ದಿನಲ್ಲೇ ಮಾತು ಮುಗಿದಿತ್ತು.

ಅವಳ ಕಾಲು, ಅವಳ ಮಾತು. ನಾನು ಒಪ್ಪಿಕೊಂಡೆ. ವಿಶಾಖಪಟ್ಟಣಕ್ಕೆ ಮರಳಿ ಅದೇ ಓಣಿ, ಅದೇ ಮೂಟೆಗಳು, ಅದೇ ಹೆಂಗಸನ್ನು ಇಟ್ಟುಕೊಂಡು, ನಡಿಗೆ ಮಾತ್ರ ನನ್ನ ಹಳೆಯ ವಾಕ್ ಸೈಕಲ್ಲನ್ನೇ ಹಾಕಿದೆ. ಓಣಿ ಚೆನ್ನಾಗಿ ಬಂತು. ಬೆಳಕು ಚೆನ್ನಾಗಿ ಬಂತು. ಗೈಡ್ ಖುಷಿಯಾದರು. "ಈಗ ನೋಡು, ಕಾಲು ಬಂತು," ಎಂದರು. ವಿಜಯವಾಡದಲ್ಲಿ ನಡೆಯುವ ವಿದ್ಯಾರ್ಥಿ ಕಿರುಚಿತ್ರ ಪ್ರದರ್ಶನಕ್ಕೆ ವಿಭಾಗದ ಪರವಾಗಿ ನನ್ನದನ್ನೇ ಕಳಿಸುವುದೆಂದು ತೀರ್ಮಾನವಾಯಿತು.

ಮುಂದಿನ ಸಲ ಹೋದಾಗ ಅವ್ವನೇ ಕೇಳಿದಳು, "ಎಲ್ಲಿ, ತೋರಿಸ ನೋಡೂಣು." ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟೆ. ಅವ್ವ ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದಳು. ಇನ್ನೊಮ್ಮೆ ಹಾಕಲು ಹೇಳಿದಳು.

"ಈಕಿ ಯಾರು?"

"ಯಾರೋ ಒಬ್ಬಾಕಿ. ಕೆಲಸಕ್ಕ ಹೋಗಾಕಿ."

"ಸುಳ್ಳ ಹೇಳಬ್ಯಾಡ. ಸೀರಿ ನಂದು. ಎಡಗಡೆ ಹೆಗಲಿನ ಚೀಲ ನಂದು. ಓಣಿ ನನ್ನ ಬ್ಯಾಂಕಿಂದು." ಅವಳ ಮುಖ ಕೆಂಪಾಗಿತ್ತು. "ಎಲ್ಲಾ ನಂದ ತಗೊಂಡು ಕಾಲ ಮಾತ್ರ ಬ್ಯಾರೆ ಯಾರದೋ ಹಚ್ಚೀಯಲ್ಲ, ಯಾಕ?"

"ನೀನ ಬ್ಯಾಡ ಅಂದಿಯಲ್ಲ ಅವ್ವಾ!"

"ತೋರಿಸಬ್ಯಾಡ ಅಂದೆ. ತಿದ್ದು ಅಂದಿದ್ದೆನೇನು?"

ಅವಳು ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಬಾಗಿಲಲ್ಲಿ ಬಂದು ನಿಂತಳು.

"ನಮ್ಮ ಅಪ್ಪ ನನ್ನ ಮದುವಿ ಫೋಟೋದಾಗ ಕುಂದ್ರಿಸೇ ತಗಸಿದ್ದ. ಶಾಖೆಯೊಳಗ ಯಾರರೆ ಅಧಿಕಾರಿ ಬರತಾರಂದ್ರ ನಾ ಮೊದಲ ಹೋಗಿ ಕುರ್ಚಿ ಹಿಡೀತೀನಿ. ನನ್ನ ತಿದ್ದೂದು ಹೊರಗಿನವರು ಮಾಡ್ಯಾರ, ನಾನೂ ಮಾಡಕೊಂಡೀನಿ. ಈಗ ನೀನೂ ಸುರು ಮಾಡಿದಿ. ಸಾಕಿದು. ಮಾಡೂದಾದ್ರ ನನ್ನ ಕಾಲ ಹಚ್ಚು, ಇಲ್ಲಾಂದ್ರ ನನ್ನ ಸೀರಿ ಬಿಚ್ಚಿಕೊಡು."

ನನಗೆ ನಗು ಬಂತು. ಅವಳು ನಗಲಿಲ್ಲ. ಷರತ್ತು ಹೇಳತೊಡಗಿದಳು. "ಕೇಳು. ಆಕಿ ಬೀಳಬಾರದು. ಸಿನಿಮಾದಾಗ ಕುಂಟರು ಬಿದ್ದ ಬೀಳತಾರ. ಯಾರೂ ಬಂದು ಆಕಿ ಕೈ ಹಿಡೀಬಾರದು. ಕೊಳಲು ಪಿಟೀಲು ಏನೂ ಹಾಕಬ್ಯಾಡ."

ಮರುದಿನ ಅವಳ ಮನೆಯ ಮಹಡಿಯ ಮೇಲೆ ಚಿತ್ರೀಕರಣ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಫೋನ್ ನಿಲ್ಲಿಸಿದೆ. ಪಕ್ಕದಿಂದ, ಹಿಂದಿನಿಂದ, ಪಾದದ ಮಟ್ಟದಿಂದ. ಅವ್ವ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಪಕ್ಕದ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ನೋಡಿದಳು. ಅವ್ವ ಅವಳತ್ತ ಒಮ್ಮೆ ತಿರುಗಿ, ನೆರಿಗೆಯನ್ನು ಇನ್ನೊಂದಿಷ್ಟು ಎತ್ತಿದಳು.

ಆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದಾಗ ನಾನು ಕಲಿತದ್ದೆಲ್ಲ ತಲೆಕೆಳಗಾಯಿತು. ಪಾಠದ ಪ್ರಕಾರ ಬಲಗಾಲು ಮುಂದೆ ಹೋದಾಗ ಬಲಗೈ ಹಿಂದೆ ಹೋಗಬೇಕು. ಅವ್ವನ ಬಲಗೈ ಬಲಗಾಲಿನದೇ ಒಂದು ಭಾಗ. ಪಾದ ನೆಲ ಮುಟ್ಟುವುದಕ್ಕಿಂತ ಮೊದಲೇ ಕೈ ತೊಡೆಯ ಮೇಲೆ ಬಂದು ಕೂತಿರುತ್ತದೆ. ಮಂಡಿ ಕುಸಿಯದಂತೆ ತಡೆಯುವುದು ಆ ಕೈ. ಅಂದರೆ ಅವಳ ಹೆಜ್ಜೆ ಕೈಯಿಂದ ಶುರುವಾಗುತ್ತದೆ. ಒಂದರಂತೆ ಇನ್ನೊಂದು ಹೆಜ್ಜೆ ಇಲ್ಲ. ಎಡದ ಹೆಜ್ಜೆಯನ್ನು ಕನ್ನಡಿಯಲ್ಲಿ ತಿರುಗಿಸಿದರೆ ಬಲದ್ದು ಸಿಗುವುದಿಲ್ಲ. ಈ ಗೋಡೆಯ ಹತ್ತಿರ ಇಟ್ಟ ಎಡಗಾಲನ್ನು ಆ ಗೋಡೆಯ ಹತ್ತಿರ ಇಟ್ಟ ಎಡಗಾಲಿನ ಮೇಲೆ ಇಟ್ಟು ನೋಡಿದರೆ ಅವೂ ಹೊಂದುವುದಿಲ್ಲ.

ರಿಗ್ಗಿನಲ್ಲಿ ಇದನ್ನು ಕೂರಿಸಲು ಹೊರಟು ಸೋತೆ. ಸೊಂಟವನ್ನು ಒಂದು ಕಡೆ ಎತ್ತಿದ ಕೂಡಲೇ ಗೊಂಬೆಯ ಮಂಡಿ ತಟಕ್ಕನೆ ಹಿಂದಕ್ಕೆ ಹಾರುತ್ತಿತ್ತು. ಅದನ್ನು ಸರಿಪಡಿಸಿದರೆ ಸೀರೆ ಕೈಕೊಟ್ಟಿತು. ಬಟ್ಟೆಯ ಚಲನೆಯನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಆದರೆ ಮೈ ಬಲಕ್ಕೆ ಬಾಗಿದಾಗಲೆಲ್ಲ ನೆರಿಗೆಗಳು ಕಾಲಿನ ಒಳಗೇ ತೂರಿಹೋಗಿ, ಮಂಡಿ ಸೀರೆಯನ್ನು ಹರಿದುಕೊಂಡು ಬಂದಂತೆ ಕಾಣುತ್ತಿತ್ತು. ಎಷ್ಟು ತಿದ್ದಿದರೂ ಮತ್ತೊಂದು ಕಡೆ ಹರಿಯುವುದು. ಕೊನೆಗೆ ಒರಟಾಗಿ ಜೋಡಿಸಿದ ಒಂದಿಷ್ಟು ಹೆಜ್ಜೆಗಳನ್ನೇ ಗೈಡ್‌ಗೆ ತೋರಿಸಿದೆ.

ಅವರು ವಿಡಿಯೋ ನಿಲ್ಲಿಸಿದರು. ಲ್ಯಾಬಿನಲ್ಲಿ ನಮ್ಮ ಮಾತೆಲ್ಲ ತೆಲುಗು ಮತ್ತು ಇಂಗ್ಲಿಷಿನಲ್ಲಿ. "ಆಗಲೇ ಒಪ್ಪಿಗೆಯಾದದ್ದನ್ನು ಯಾಕೆ ಕೆಡಿಸುತ್ತಿದ್ದೀಯಮ್ಮಾ?"

"ಅದು ತಪ್ಪಿತ್ತು ಸರ್. ಇದು ಸರಿ."

"ನೋಡುವವರಿಗೆ ಗೊತ್ತಾಗುವುದಿಲ್ಲ. ಜ್ಯೂರಿಯವರು ಇದನ್ನು ನಿನಗೆ ನಡಿಗೆ ಮಾಡಲು ಬರುವುದಿಲ್ಲ ಅಂತ ತಿಳಿಯುತ್ತಾರೆ. ಆಕೆ ಕುಂಟಬೇಕಾದರೆ ಮೊದಲು ಕಾರಣ ಹೇಳು. ಬಾಲ್ಯದ್ದೊಂದು ದೃಶ್ಯ ಹಾಕು. ಆಸ್ಪತ್ರೆ, ಅಳುವ ತಾಯಿ. ಕೊನೆಗೆ ಆಕೆ ಏನಾದರೂ ಸಾಧಿಸಲಿ."

"ಬ್ಯಾಂಕಿಗೆ ಹೋಗಿ ಮುಟ್ಟುತ್ತಾಳಲ್ಲ ಸರ್."

"ಅದು ಕಥೆಯೇ?"

"ಬೇರೆಯವರು ನಡೆದು ಹೋದರೆ ಕಾರಣ ಕೇಳುವುದಿಲ್ಲವಲ್ಲ ಸರ್. ಈಕೆಯನ್ನು ಯಾಕೆ ಕೇಳಬೇಕು?"

ಅವರಿಗೆ ಸಿಟ್ಟು ಬಂದದ್ದು ಕಂಡಿತು. ಆದರೂ ಸಮಾಧಾನವಾಗಿಯೇ ಹೇಳಿದರು: ವಿಭಾಗದ ಹೆಸರಿನಲ್ಲಿ ಹೋಗುವುದು ಒಪ್ಪಿಗೆಯಾದ ಚಿತ್ರ ಮಾತ್ರ. ಹೊಸದನ್ನು ಮಾಡುವುದಾದರೆ ಸ್ವಂತವಾಗಿ ಕಳಿಸಬೇಕು, ಲ್ಯಾಬಿನ ದೊಡ್ಡ ಯಂತ್ರಗಳು ಸಿಗುವುದಿಲ್ಲ. ಸಿದ್ಧವಾದ ಚಿತ್ರಗಳನ್ನು ಬೆಳಕು ನೆರಳಿನೊಂದಿಗೆ ಪಕ್ಕಾ ಮಾಡಿ ತೆಗೆಯುವುದಕ್ಕೆ, ಅಂದರೆ ರೆಂಡರಿಗೆ, ಆ ಯಂತ್ರಗಳೇ ಗತಿ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಆಗುವ ಮಾತಲ್ಲ.

"ಹಾಗಾದರೆ ನನ್ನ ಹಳೆಯ ಚಿತ್ರ ವಾಪಸು ತೆಗೆದುಕೊಳ್ಳುತ್ತೇನೆ ಸರ್," ಎಂದೆ.

"ಯೋಚನೆ ಮಾಡಿ ಹೇಳು."

"ಮಾಡಿದ್ದೇನೆ ಸರ್. ಅದರಲ್ಲಿರುವ ಸೀರೆಯ ಒಡತಿ ಒಪ್ಪುವುದಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಅಪ್ಪನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿಮ್ಮವ್ವ ಒಪ್ಪ್ಯಾಳೇನು?" ಎಂದರು. ಹೌದು ಎಂದೆ. "ಹಂಗಾರ ನಿಮ್ಮ ಸರ್ ಒಪ್ಪೂದೇನ ದೊಡ್ಡದಲ್ಲ. ಆಕೀನ ಒಪ್ಪಿಸೂದು ನನಗ ಇನ್ನೂ ಆಗಿಲ್ಲ," ಎಂದರು.

ಯಂತ್ರ ಇಲ್ಲವೆಂದ ಮೇಲೆ ಯಂತ್ರ ಬೇಡದ ದಾರಿ ಹುಡುಕಬೇಕಿತ್ತು. ಗೊಂಬೆ, ರಿಗ್, ಬಟ್ಟೆಯ ಲೆಕ್ಕ ಎಲ್ಲವನ್ನೂ ಬದಿಗಿಟ್ಟೆ. ಪೆನ್ ಟ್ಯಾಬ್ಲೆಟ್ ಹಿಡಿದು ಕೈಯಿಂದಲೇ ಬರೆಯುವುದೆಂದು ತೀರ್ಮಾನಿಸಿದೆ. ದಪ್ಪ ಗೆರೆ, ಚಪ್ಪಟೆ ಬಣ್ಣ, ನೆರಳಿಲ್ಲ. ಓಣಿಗೆ ಮೆಣಸಿನಕಾಯಿಯ ಕೆಂಪು, ಗೋಣಿಯ ಕಂದು. ಅವಳ ಸೀರೆಗೆ ಮಾತ್ರ ನೀಲಿ. ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್ ಇದ್ದರೂ ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವ ರೂಢಿ ಉಂಟು, ಕೆಲಸ ಅರ್ಧವಾಗುತ್ತದೆ. ಎಡಗಾಲು ಬೀಸಿ ಬರುವಲ್ಲಿ ಹಾಗೆ ಮಾಡಿದರೆ ಹೆಜ್ಜೆಯ ರಭಸ ಸಾಯುತ್ತಿತ್ತು. ಅಲ್ಲೆಲ್ಲ ಒಂದೊಂದು ಫ್ರೇಮಿಗೂ ಒಂದೊಂದು ಚಿತ್ರ ಬರೆದೆ.

ಮೊದಲು ಪಾದದ ಗುರುತುಗಳನ್ನು ಓಣಿಯ ಉದ್ದಕ್ಕೂ ಹಾಕಿಕೊಂಡೆ. ಆಮೇಲೆ ಬಲಗೈ. ಆಮೇಲೆ ಸೊಂಟ, ತಲೆ. ಸೀರೆ ಎಲ್ಲಕ್ಕಿಂತ ಕೊನೆಗೆ. ನೆರಿಗೆ ಕಾಲನ್ನು ಹಿಂಬಾಲಿಸುತ್ತದೆ, ಸ್ವಲ್ಪ ತಡವಾಗಿ. ಬಲಗಡೆ ಕೈ ಒತ್ತಿದಲ್ಲಿ ಮಾತ್ರ ಅದು ತೊಡೆಗೆ ಅಂಟಿಕೊಂಡು ನಿಲ್ಲುತ್ತದೆ. ಇದನ್ನು ಕಂಪ್ಯೂಟರಿಗೆ ಹೇಳಿಕೊಡಲಾಗಲಿಲ್ಲ, ಕೈಗೆ ಬಂತು. ಕಾಪಿ ಎಂಬ ಬಟನ್ನನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಒಂದು ಸಲ ಬೇಸತ್ತು, ದೂರದಲ್ಲಿ ಸಣ್ಣದಾಗಿ ಕಾಣುವಾಗ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಹೆಜ್ಜೆಯನ್ನು ಎರಡು ಕಡೆ ಅಂಟಿಸಿದೆ. ಹಾಕಿ ನೋಡಿದರೆ ಆ ಒಂದು ಕ್ಷಣದಲ್ಲಿ ಅವಳು ಮತ್ತೆ ಗೊಂಬೆಯಾದಳು. ಅಳಿಸಿ ಹೊಸದಾಗಿ ಬರೆದೆ.

ಧ್ವನಿಯ ಕೆಲಸ ಒಪ್ಪಿಕೊಂಡವನು ನನ್ನ ಸಹಪಾಠಿ. ಅವನ ಊರೇ ವಿಜಯವಾಡ. ಒನ್ ಟೌನಿಗೆ ಹೋಗಿ ಮೂಟೆ ಬೀಳುವ ಸದ್ದು, ದಲ್ಲಾಳಿಗಳ ಕೂಗು, ತಳ್ಳುಗಾಡಿಯ ಗಾಲಿ ಎಲ್ಲ ಹಿಡಿದು ತಂದ. ಅವ್ವನ ಚಪ್ಪಲಿಯ ಸದ್ದನ್ನು ಅವಳ ಮಹಡಿಯಲ್ಲೇ ಮುದ್ರಿಸಿಕೊಂಡ. ಜೋಡಿಸಿ ಕೇಳಿಸಿದಾಗ ಅಡಿಯಲ್ಲಿ ಸಣ್ಣಗೆ ಕೊಳಲಿತ್ತು. "ತೆಗೆ," ಎಂದೆ. "ಸ್ವಲ್ಪ ಫೀಲ್ ಇರಲಿ," ಎಂದ. "ನಮ್ಮವ್ವನಿಗೆ ನೀನೇ ಹೇಳು ಹಾಗಾದರೆ," ಎಂದೆ. ಅವನು ತಕ್ಷಣ ತೆಗೆದ.

ಚಿತ್ರ ಸ್ವಂತ ಹೆಸರಿನಲ್ಲಿ ಹೋಯಿತು, ಆಯ್ಕೆಯಾಯಿತು. ಪ್ರದರ್ಶನ ವಿಜಯವಾಡದ ಒಂದು ಸಣ್ಣ ಸಭಾಂಗಣದಲ್ಲಿ, ಶನಿವಾರ ಮಧ್ಯಾಹ್ನ. ನಮ್ಮ ವಿಭಾಗದಿಂದ ಬೇರೊಬ್ಬರ ಚಿತ್ರ ಬಂದಿದ್ದರಿಂದ ಗೈಡ್ ಕೂಡ ಇದ್ದರು. ಅವ್ವ ನನ್ನ ಪಕ್ಕದಲ್ಲಿ, ಮುಂದಿನ ಸಾಲೊಂದರಲ್ಲಿ ಕೂತಿದ್ದಳು. ಅಪ್ಪ ಪಾಳಿ ಬಿಟ್ಟು ಬರಲಾಗಲಿಲ್ಲ.

ಪರದೆಯ ಮೇಲೆ ಅವಳು ಆಟೋ ಇಳಿದಳು. ಮೊದಲ ಹೆಜ್ಜೆಗೆ ಹಿಂದೆ ಯಾರೋ ಕಿಸಕ್ಕೆಂದರು. ಎರಡನೆಯದಕ್ಕೂ ಕೇಳಿಸಿತು. ಅವ್ವನ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. ಹಿಡಿಯಲಿಲ್ಲ, ಅಲ್ಲಿ ಇಟ್ಟಳಷ್ಟೇ. ಪರದೆಯವಳು ಮೂಟೆ ದಾಟಿದಳು, ಹಗ್ಗ ದಾಟಿದಳು, ಎದುರಿಗೆ ಬಂದ ತಳ್ಳುಗಾಡಿಗೆ ದಾರಿ ಬಿಡದೆ ನಿಂತಳು. ಗಾಡಿಯೇ ಪಕ್ಕಕ್ಕೆ ಸರಿಯಿತು. ಅಷ್ಟು ಹೊತ್ತಿಗೆ ಸಭಾಂಗಣದಲ್ಲಿ ಚಪ್ಪಲಿಯ ಸದ್ದೊಂದನ್ನು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅವಳು ಬ್ಯಾಂಕಿನ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮುಗಿಯಿತು.

ವೇದಿಕೆಗೆ ಕರೆದರು. ಜ್ಯೂರಿಯಲ್ಲಿದ್ದ ಹಿರಿಯರೊಬ್ಬರು ಮೃದುವಾಗಿಯೇ ಕೇಳಿದರು, "ಆಕೆಯ ಕಾಲಿಗೆ ಏನಾಯಿತು ಎಂದು ನೀವು ಹೇಳಲೇ ಇಲ್ಲ?"

"ಏನೂ ಆಗಿಲ್ಲ ಸರ್. ಆಕೆ ಕೆಲಸಕ್ಕೆ ಹೋಗುತ್ತಿದ್ದಾಳೆ."

"ಅಲ್ಲ, ಪ್ರೇಕ್ಷಕರಿಗೆ ಹಿನ್ನೆಲೆ ಬೇಡವೇ?"

"ಬೇಡ ಸರ್."

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಅವರು ಮೈಕನ್ನು ಪಕ್ಕದವರಿಗೆ ದಾಟಿಸಿದರು. ಬಹುಮಾನಗಳ ಹೆಸರು ಓದಿದಾಗ ನನ್ನದಿರಲಿಲ್ಲ. ಇರಬಹುದೆಂದು ಒಳಗೊಳಗೇ ಕಾದಿದ್ದೆ, ಆದ್ದರಿಂದ ಬೇಸರವಾಯಿತು. ಗೈಡ್ ಪಕ್ಕದ ಸಾಲಿನಿಂದ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ಬಾಗಿದರು. "ಮೆಟ್ಟಿಲಿನ ಹತ್ತಿರ ಮೈಭಾರ ಇಳಿಯುವುದು ಒಂದು ಫ್ರೇಮಿನಷ್ಟು ತಡವಾಗಿದೆ. ಸೋಮವಾರ ಫೈಲ್ ತೆಗೆದುಕೊಂಡು ಬಾ. ಕೂತು ನೋಡೋಣ," ಎಂದರು. ಅವ್ವನ ಕಡೆ ತಿರುಗಿ, "ನಮಸ್ಕಾರಮ್ಮಾ," ಎಂದರು. ಅವಳು ಕೂತಲ್ಲಿಂದಲೇ ಕೈ ಮುಗಿದಳು. ಅವರ ಕಣ್ಣು ಅವಳ ನೀಲಿ ಸೀರೆಯ ಮೇಲೆ ಒಂದು ಗಳಿಗೆ ನಿಂತು, ಮತ್ತೆ ನನ್ನತ್ತ ಬಂತು. ಆಮೇಲೆ ತಮ್ಮ ಸಾಲಿಗೆ ಮರಳಿದರು.

ದೀಪಗಳೆಲ್ಲ ಹತ್ತಿದವು. ಸಿನಿಮಾ ಥಿಯೇಟರ್ ಇರಲಿ, ಮದುವೆ ಮಂಟಪ ಇರಲಿ, ಎಲ್ಲರೂ ಹೊರಟು ಖಾಲಿಯಾಗುವವರೆಗೆ ಅವ್ವ ಏಳುವುದಿಲ್ಲ. ಹಿಂದೆ ಯಾರೂ ಇರಬಾರದು ಅವಳಿಗೆ. ಅದಕ್ಕೇ ನಾನು ಆರಾಮವಾಗಿ ಕೂತೇ ಇದ್ದೆ. ನೋಡಿದರೆ ಅವಳು ಆಗಲೇ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಿದ್ದಳು.

"ಏಳ, ಹೋಗೂಣು."

ಎರಡು ಕಡೆಯ ಕುರ್ಚಿಗಳ ನಡುವಿನ ದಾರಿ ಕಿರಿದು, ಒಬ್ಬರು ಮಾತ್ರ ನಡೆಯುವಷ್ಟು. ಅವ್ವ ಎಲ್ಲರಿಗಿಂತ ಮೊದಲು ಆ ದಾರಿಗೆ ಇಳಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಮುಂದಿನ ಸಾಲುಗಳ ಜನವೆಲ್ಲ. ಇಕ್ಕೆಲದ ಸಾಲುಗಳಲ್ಲಿ ಎದ್ದು ನಿಂತವರು ಅವಳ ಕೈ ತೊಡೆಗೆ ಹೋಗುವುದನ್ನು, ಮೈ ಬಾಗುವುದನ್ನು ನೋಡಿದರು. ಕೆಲವರಿಗೆ ಗುರುತು ಹತ್ತಿತೆಂದು ಅವರ ಮುಖದಲ್ಲೇ ತಿಳಿಯಿತು. ಆದರೆ ಹಿಂದಿದ್ದವರಿಗೆ ಯಾಕೆ ತಡವೆಂದು ಗೊತ್ತಿರಲಿಲ್ಲ. ಒಬ್ಬರು ನನ್ನ ಹೆಗಲ ಮೇಲಿಂದ ಕೂಗಿದರು, "ಕೊಂಚೆಂ ಪಕ್ಕಕು ಜರಗಂಡಮ್ಮಾ!" ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು.

ನಾನು ತಿರುಗಿ ಬಾಯಿ ತೆರೆಯುವುದರೊಳಗೆ ಅವ್ವನೇ, ಹಿಂದಿರುಗಿ ನೋಡದೆ, ಗದಗಿನ ದನಿಯ ತೆಲುಗಿನಲ್ಲಿ ಹೇಳಿದಳು.

"ಆಗಂಡಿ. ನಡುಸ್ತುನ್ನಾನು ಕದಾ."

ತಾಳಿ, ನಡೆಯುತ್ತಿದ್ದೇನಲ್ಲ. ಬಾಗಿಲಿನವರೆಗೂ ಅಷ್ಟೂ ಜನ ಅವಳ ಹಿಂದೆ, ಅವಳಷ್ಟೇ ನಿಧಾನವಾಗಿ ನಡೆದುಬಂದರು.